ಅಪ್ಪನನ್ನು ಕೂಡಿಸಿ ಮಣ್ಣು ಮಾಡಲಿಲ್ಲ



ನಾನು ಕನಕಗಿರಿ ಹತ್ತಿರದ ಹಳ್ಳಿಯವನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮಪ್ಪ ಒಕ್ಕಲುತನದವರು, ನಾಲ್ಕು ಎಕರೆ ಮಳೆ ನಂಬಿದ ಹೊಲ. ಸಜ್ಜೆ, ಶೇಂಗಾ ಬೆಳೆಯುತ್ತಿದ್ದರು. ಏಳನೇ ವಯಸ್ಸಿಗೆ ಲಿಂಗದೀಕ್ಷೆಯಾದವರು ಎಪ್ಪತ್ತೊಂದನೆಯ ವಯಸ್ಸಿನವರೆಗೆ ಒಂದು ದಿನವೂ ಪೂಜೆ ಮಾಡದೆ ಬಾಯಿಗೆ ನೀರು ಹಾಕಿದ್ದನ್ನು ನಾನು ನೋಡಿಲ್ಲ. 2021ರ ಮೇ ತಿಂಗಳಲ್ಲಿ ಕೊರೊನಾ ಬಂತು. ಪಟ್ಟಣದ ಆಸ್ಪತ್ರೆಗೆ ಸೇರಿಸಿದೆವು, ಆರನೇ ದಿನಕ್ಕೆ ಹೋಗಿಬಿಟ್ಟರು.

ನಮ್ಮಲ್ಲಿ ಹೇಗೆ ಮಣ್ಣು ಮಾಡುತ್ತಾರೆಂದು ನಿಮಗೆ ಗೊತ್ತು. ಮೈ ತೊಳೆದು, ವಿಭೂತಿ ಹಚ್ಚಿ, ವಿಮಾನ ಕಟ್ಟಿ ಕೂಡಿಸಿ, ಭಜನೆ ಹಾಡುತ್ತ ಒಯ್ಯಬೇಕು. ಕುಣಿಯಲ್ಲಿ ಗವಿ ತೋಡಿ ಪದ್ಮಾಸನ ಹಾಕಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಡಬೇಕು. ನಮ್ಮಪ್ಪ ಊರಿನ ಎಷ್ಟೋ ಜನರ ಗವಿಗೆ ತಾವೇ ಇಳಿದು ಇದೆಲ್ಲ ಮಾಡಿದವರು. ಅವರಿಗೆ ಸಿಕ್ಕಿದ್ದು ಪ್ಲಾಸ್ಟಿಕ್ ಚೀಲ. ಜೆಸಿಬಿ ತೆಗೆದ ತಗ್ಗಿನಲ್ಲಿ ಮಲಗಿಸಿ ಮಣ್ಣು ಎಳೆದರು. ಮೈತುಂಬ ಕಿಟ್ ಹಾಕಿಕೊಂಡ ನಾಲ್ಕು ಮಂದಿ ಇದ್ದರು. ನಾನು ಐವತ್ತು ಹೆಜ್ಜೆ ದೂರ ಜಾಲಿ ಗಿಡದ ಕೆಳಗೆ ನಿಂತಿದ್ದೆ. ಅವರಲ್ಲೊಬ್ಬ ಕೈ ಮಾಡಿ ಕರೆದ. ನಾನು ಹೋಗಲಿಲ್ಲ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಳು, ಅವ್ವನಿಗೂ ಜ್ವರವಿತ್ತು. ತಮ್ಮ ಬೆಂಗಳೂರಿನಲ್ಲಿ ಸಿಕ್ಕಿಬಿದ್ದಿದ್ದ. ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅನ್ನುತ್ತಾರೆ. ಅವತ್ತು ನನಗೆ ಕಣ್ಣೂ ಇತ್ತು, ಕಾಲೂ ಇತ್ತು. ಕಾಲು ಏಳಲಿಲ್ಲ.

ಅಪ್ಪನ ಲಿಂಗವನ್ನು ಆಸ್ಪತ್ರೆಯವರು ಕವರಿನಲ್ಲಿ ಹಾಕಿ ಕೊಟ್ಟರು. ಅದು ಜಗಲಿ ಮೇಲೆ ಹಾಗೇ ಇದೆ. ಅವ್ವ ಅದನ್ನು ಮುಟ್ಟುವುದಿಲ್ಲ. "ನಿಮ್ಮಪ್ಪಗ ನಡಾ ನೋಯ್ತಿತ್ತು. ಮಲಗಿದ್ರ ನಿದ್ದಿ ಹತ್ತತಿರಲಿಲ್ಲ, ಕುಂತ್ರನ ಆರಾಮ ಇರತಿತ್ತು. ಅವ್ರನ್ನ ಮಲಗಿಸಿಬಿಟ್ರಲ್ಲೋ" ಅನ್ನುತ್ತಾಳೆ. ಆಗಿನಿಂದ ಅವ್ವ ರಾತ್ರಿ ಮಲಗುವುದಿಲ್ಲ. ಗೋಡೆಗೆ ಆತು ಕುಳಿತೇ ಬೆಳಗು ಮಾಡುತ್ತಾಳೆ.

ಮೊನ್ನೆ ಗೆಳೆಯರೊಬ್ಬರು ಕಳಿಸಿದ್ದರೆಂದು 'ಸಂಸ್ಕಾರ' ಸಿನಿಮಾ ಫೋನಿನಲ್ಲಿ ನೋಡಿದೆ. ಕಾದಂಬರಿಯನ್ನು ಕಾಲೇಜಿನಲ್ಲಿ ಪರೀಕ್ಷೆಗೆ ಓದಿದ್ದೆ, ಆಗ ಏನೂ ಅನಿಸಿರಲಿಲ್ಲ. ಈಗ ಪೂರ್ತಿ ನೋಡಲಾಗಲಿಲ್ಲ. ಹೆಣ ಮನೆಯಲ್ಲಿ ಬಿದ್ದಿದೆ, ಪ್ರಾಣೇಶಾಚಾರ್ಯ ಗ್ರಂಥ ತಿರುವುತ್ತಿದ್ದಾನೆ. ಅವನು ನಾನೇ ಅನಿಸಿತು. ಕನಕಾಚಲಪತಿ ಗುಡಿಗೆ ಹೋಗಿ ಒಂದು ತಾಸು ನಿಂತುಬಂದೆ. ಏನೂ ಆಗಲಿಲ್ಲ. ಈಗ ಲಿಂಗಪೂಜೆಯನ್ನೂ ಬಿಟ್ಟಿದ್ದೇನೆ. ನಮ್ಮಪ್ಪನಿಗೆ ಸದ್ಗತಿ ಸಿಕ್ಕಿದೆಯೇ? ತಪ್ಪಿದ ಸಂಸ್ಕಾರಕ್ಕೆ ಶಾಸ್ತ್ರದಲ್ಲಿ ಏನಾದರೂ ಪರಿಹಾರ ಇದೆಯೇ?

ಹೆಸರು ಬೇಡ.

*

ಮಾಸ್ತರರೇ, ಶರಣು.

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ತಡವಾಗಿದ್ದಕ್ಕೆ ಮನ್ನಿಸಿ. ಉತ್ತರ ಬರೆಯಲು ಕೂತಾಗಲೆಲ್ಲ ಗೋಡೆಗೆ ಆತು ಕುಳಿತ ನಿಮ್ಮವ್ವ ಕಣ್ಣಮುಂದೆ ಬಂದು, ಬರೆದದ್ದೆಲ್ಲ ಹಗುರ ಅನಿಸುತ್ತಿತ್ತು. ಆದ್ದರಿಂದ ಮೊದಲು ಆಕೆಯ ಮಾತು, ಆಮೇಲೆ ಸಿನಿಮಾ, ಆಮೇಲೆ ಶಾಸ್ತ್ರ.

ನಾಲ್ಕು ವರ್ಷ ಕುಳಿತೇ ರಾತ್ರಿ ಕಳೆಯುವುದು ಮುದಿ ಶರೀರಕ್ಕೆ ಸಣ್ಣ ಮಾತಲ್ಲ. ಕಾಲು ಊದುತ್ತದೆ, ಬಿಪಿ ಏರುತ್ತದೆ, ನಿದ್ದೆಗೆಟ್ಟ ತಲೆಗೆ ಎಲ್ಲ ಯೋಚನೆಯೂ ದುಪ್ಪಟ್ಟು ಭಾರವಾಗುತ್ತದೆ. ಆಕೆಗೆ ಹುಚ್ಚು ಹಿಡಿದಿಲ್ಲ, ಗಾಳಿಯೂ ಸೋಕಿಲ್ಲ. ಗಂಡ ಪಡುತ್ತಿರಬಹುದೆಂದು ತಾನು ನಂಬಿದ ನೋವಿನಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದಾರೆ. ಅವರು ಮಲಗಿದ್ದಾರೆ, ಕೂಡಲಾಗುತ್ತಿಲ್ಲ, ಅವರ ಬದಲಿಗೆ ನಾನು ಕೂಡುತ್ತೇನೆ ಎಂಬ ವ್ರತ ಅದು. ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ, ತನಗೇ ಗೊತ್ತಿಲ್ಲದಿರಲೂಬಹುದು. ವರ್ಷ ದಾಟಿದರೂ ಸಡಿಲವಾಗದೆ ದಿನದ ಬದುಕನ್ನು ಹಿಡಿದು ನಿಲ್ಲಿಸುವ ಇಂಥ ಶೋಕವನ್ನು ವೈದ್ಯಶಾಸ್ತ್ರ ಈಗ ಬೇರೆಯಾಗಿಯೇ ಗುರುತಿಸುತ್ತದೆ. ಅದಕ್ಕೆ ಮಾತಿನ ಚಿಕಿತ್ಸೆಯಿದೆ, ಅದರಿಂದ ಜನ ಸುಧಾರಿಸುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿ, ಇಲ್ಲವೇ ಕೊಪ್ಪಳದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಿರಿ. ಹೊರಡುವ ಮೊದಲು ಮಾತಾಡಬೇಕೆನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎನ್ನುವ ಸರ್ಕಾರಿ ಸೇವೆ ಅದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರ್ ಅವ್ವನಿಗೆಷ್ಟೋ ನಿಮಗೂ ಅಷ್ಟೇ.

ಇನ್ನು ಸಿನಿಮಾ.

'ಸಂಸ್ಕಾರ'ವನ್ನು ನಾನು ಮೂರು ಸಲ ನೋಡಿದ್ದೇನೆ. ಮೊದಲ ಸಲ ಕಾಲೇಜಿನ ದಿನಗಳಲ್ಲಿ, ಪರದೆಯ ಬದಲು ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ. ಆಗ ನನಗೂ ಕಂಡವರು ಪ್ರಾಣೇಶಾಚಾರ್ಯರೊಬ್ಬರೇ. ಆ ಪಾತ್ರ ಮಾಡಿದ ಗಿರೀಶ ಕಾರ್ನಾಡರ ಮುಖದ ಮೇಲೆ ಕ್ಯಾಮೆರಾ ಅಷ್ಟು ಹೊತ್ತು ನಿಲ್ಲುತ್ತದೆ, ಬೇರೆಯವರನ್ನು ನೋಡಲು ಬಿಡುವೇ ಇರುವುದಿಲ್ಲ. ಕೊನೆಯ ಸಲ ನೋಡಿದ್ದು ನನ್ನ ತಾಯಿ ತೀರಿಕೊಂಡ ವರ್ಷ. ಆ ಸಲ ನಾನು ಚಂದ್ರಿಯನ್ನು ನೋಡಿದೆ.

ಕಥೆ ನಿಮಗೆ ಗೊತ್ತಿದ್ದದ್ದೇ. ದೂರ್ವಾಸಪುರದ ಮಾಧ್ವ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ಮಾಂಸ ತಿಂದವನು, ಚಂದ್ರಿಯನ್ನು ಮನೆಗೆ ತಂದುಕೊಂಡವನು. ಆದರೆ ಬಹಿಷ್ಕಾರ ಹಾಕಿರಲಿಲ್ಲವಾದ್ದರಿಂದ ಬ್ರಾಹ್ಮಣನಾಗಿಯೇ ಸತ್ತ. ಅವನಿಗೆ ಬೆಂಕಿ ಕೊಡುವವರು ಯಾರು? ಹೆಣ ಎತ್ತುವವರೆಗೆ ಯಾರೂ ಉಣ್ಣುವಂತಿಲ್ಲ. ಚಂದ್ರಿ ಮೈಮೇಲಿನ ಬಂಗಾರ ಬಿಚ್ಚಿಡುತ್ತಾಳೆ, ಅದರಿಂದ ಆಸೆ ಹುಟ್ಟುತ್ತದೆಯೇ ಹೊರತು ದಾರಿ ಕಾಣುವುದಿಲ್ಲ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ತಾಳೆಗರಿ ಬಿಚ್ಚುತ್ತಾರೆ, ಉತ್ತರವಿಲ್ಲ. ಕಾಡಿನ ಮಾರುತಿಯ ಮುಂದೆ ಕೂತು ಪ್ರಸಾದ ಕೇಳುತ್ತಾರೆ, ಬಲಕ್ಕೂ ಹೂ ಬೀಳುವುದಿಲ್ಲ, ಎಡಕ್ಕೂ ಬೀಳುವುದಿಲ್ಲ. ಅಷ್ಟರಲ್ಲಿ ಇಲಿಗಳು ಸಾಯತೊಡಗಿವೆ, ಅಗ್ರಹಾರಕ್ಕೆ ಪ್ಲೇಗ್ ಬಂದಿದೆ.

ಇಲ್ಲಿಯವರೆಗೆ ಎಲ್ಲರಿಗೂ ನೆನಪಿರುತ್ತದೆ. ಹೆಣಕ್ಕೆ ಕೊನೆಗೆ ಏನಾಯಿತು ಎಂದು ಕೇಳಿದರೆ ಪರೀಕ್ಷೆಗೆ ಓದಿದವರೂ ತಡವರಿಸುತ್ತಾರೆ. ನಿಮ್ಮ ಮನೆಯ ಕಪಾಟಿನಲ್ಲಿ ಕಾದಂಬರಿ ಇದ್ದರೆ ಆ ಭಾಗವನ್ನು ತೆಗೆದು ಓದಿ. ಶಾಸ್ತ್ರ ಗೊತ್ತಿಲ್ಲದ ಚಂದ್ರಿ ರಾತ್ರಿ ಒಬ್ಬಳೇ ಹೊರಡುತ್ತಾಳೆ. ಗಾಡಿ ಹೊಡೆಯುವವನನ್ನು ಕೇಳುತ್ತಾಳೆ, ಅವನು ಹೆದರುತ್ತಾನೆ. ಕೊನೆಗೆ ಮೀನು ಮಾರುವ ಅಹಮದ್ ಬ್ಯಾರಿ ಬರುತ್ತಾನೆ. ಅವನ ಕಷ್ಟಕಾಲದಲ್ಲಿ ನಾರಣಪ್ಪ ಕೈಹಿಡಿದಿದ್ದ, ಆ ಋಣ ಅವನಿಗೆ ನೆನಪಿದೆ. ಗಾಡಿಯ ಮೇಲೆ ಹೆಣ ಹೇರಿಕೊಂಡು ಹೋಗಿ ಕತ್ತಲಲ್ಲಿ ಸುಟ್ಟುಬಿಡುತ್ತಾರೆ. ಮಂತ್ರವಿಲ್ಲ, ದರ್ಭೆಯಿಲ್ಲ. ಆಚಾರ್ಯರಿಗೆ ಅದು ಗೊತ್ತೂ ಇಲ್ಲ. ಮುಗಿದುಹೋದ ಕೆಲಸಕ್ಕೆ ಅವರು ಇನ್ನೂ ಉತ್ತರ ಹುಡುಕುತ್ತಲೇ ಇರುತ್ತಾರೆ.

ಮಾಸ್ತರರೇ, ನೀವು ಪ್ರಾಣೇಶಾಚಾರ್ಯ ಎಂದು ನಿಮಗೆ ಅನಿಸಿದ್ದು ಸುಳ್ಳಲ್ಲ. ಆದರೆ ನೀವು ಅವರಾಗಿದ್ದು ಜಾಲಿ ಗಿಡದ ಕೆಳಗಲ್ಲ. ಆಚಾರ್ಯರು ಗ್ರಂಥದಲ್ಲಿ ಪರಿಹಾರ ಹುಡುಕಿದರು, ನೀವು ನನಗೆ ಪತ್ರ ಬರೆದು ಶಾಸ್ತ್ರದಲ್ಲಿ ಪರಿಹಾರ ಕೇಳಿದಿರಿ. ಅವರು ಮಾರುತಿಯ ಮುಂದೆ ಕೂತರು, ನೀವು ಕನಕಾಚಲಪತಿಯ ಮುಂದೆ ನಿಂತಿರಿ. ನಿಮ್ಮ ತಂದೆಯ ದೇಹ ಮಾತ್ರ ಒಂದು ಹಗಲೂ ಕಾಯಲಿಲ್ಲ. ನಾಲ್ಕು ಜನ ಬಂದರು.

ಅವರ ವಿಷಯಕ್ಕೆ ಮತ್ತೆ ಬರುತ್ತೇನೆ. ಅದಕ್ಕೂ ಮೊದಲು ಈ ಕಥೆ ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ನಿಮ್ಮ ಗುಡಿಯ ಮೌನಕ್ಕೂ ಅದಕ್ಕೂ ಸಂಬಂಧವಿದೆ. ಕಾದಂಬರಿ ಬರೆದ ಅನಂತಮೂರ್ತಿ ಸಂಶೋಧನೆಗೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದರು. ಒಂದು ದಿನ ತಮ್ಮ ಗುರು ಮಾಲ್ಕಂ ಬ್ರಾಡ್‌ಬರಿಯವರ ಜೊತೆ ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ ಮಾಡಿದ 'ದಿ ಸೆವೆಂತ್ ಸೀಲ್' ಸಿನಿಮಾ ನೋಡಿದರು. 1957ರ ಚಿತ್ರ ಅದು. ಯುದ್ಧದಿಂದ ಮರಳಿದ ಯೋಧ, ಊರೂರಿಗೆ ಹಬ್ಬಿದ ಪ್ಲೇಗು, ಕರೀ ನಿಲುವಂಗಿ ತೊಟ್ಟು ಎದುರು ಬಂದು ನಿಂತ ಸಾವು. ಯೋಧ ಸಾವಿನ ಜೊತೆ ಚದುರಂಗಕ್ಕೆ ಕೂರುತ್ತಾನೆ. ಆಟ ಮುಗಿಯುವುದರೊಳಗೆ ದೇವರಿದ್ದಾನೋ ಇಲ್ಲವೋ ಎಂದು ತಿಳಿದುಕೊಳ್ಳಬೇಕು ಅವನಿಗೆ. ಯುರೋಪಿನವರು ಮಧ್ಯಯುಗವನ್ನು ಪುಸ್ತಕ ಓದಿ ಕಟ್ಟಿಕೊಳ್ಳಬೇಕು, ನಮಗಾದರೋ ಅದು ಜೊತೆಜೊತೆಗೇ ಬದುಕಿದೆ ಎಂದು ಅನಂತಮೂರ್ತಿ ಹೇಳಿದರಂತೆ. ಹಾಗಾದರೆ ಅದನ್ನೇ ಬರೆ ಎಂದರಂತೆ ಬ್ರಾಡ್‌ಬರಿ. 1965ರಲ್ಲಿ 'ಸಂಸ್ಕಾರ' ಬಂತು.

1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಅದನ್ನು ಸಿನಿಮಾ ಮಾಡಿದರು. ಚಿತ್ರಕಥೆ ಕಾರ್ನಾಡರದು, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಆಸ್ಟ್ರೇಲಿಯಾದ ಟಾಮ್ ಕೋವನ್ ಶೃಂಗೇರಿ ಕಡೆಯ ವೈಕುಂಠಪುರದಲ್ಲಿ ಕಪ್ಪು ಬಿಳುಪಿನಲ್ಲಿ ಚಿತ್ರೀಕರಿಸಿದರು. ಸಂಗೀತ ರಾಜೀವ ತಾರಾನಾಥರದು. ಅವರ ತಂದೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದವರು. 1997ರ ತನಕ ನಿಮ್ಮ ಕನಕಗಿರಿಯೂ ಅದೇ ರಾಯಚೂರು ಜಿಲ್ಲೆಯಲ್ಲೇ ಇತ್ತಲ್ಲ, ಆ ಲೆಕ್ಕದಲ್ಲಿ ನಿಮ್ಮವರೇ. ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಹಿಡಿಯಿತು. ದೆಹಲಿಯಲ್ಲಿ ತಡೆ ತೆರವಾಗಿ, ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಚಿನ್ನದ ಪದಕವೂ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲು ಕಂಡರು. ಅಸ್ತಮಾದಿಂದ ಜರ್ಜರಿತರಾಗಿ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಮುಖವನ್ನು ಪರದೆಯ ಮೇಲೆ ನೋಡುವಾಗ ನನಗೆ ಇದನ್ನು ಮರೆಯಲಾಗುವುದಿಲ್ಲ.

ಬರ್ಗ್‌ಮನ್ನನ ಯೋಧನಿಗೂ ದೇವರು ಉತ್ತರ ಕೊಡುವುದಿಲ್ಲ. ಆಟದಲ್ಲಿ ಸೋಲುತ್ತಾನೆ. ಆದರೆ ಸೋಲುವ ಮುಂಚೆ ಎರಡು ಸಂಗತಿ ನಡೆಯುತ್ತವೆ. ಊರೂರು ತಿರುಗುವ ಆಟದ ಮೇಳದ ಗಂಡ ಹೆಂಡತಿ ಅವನನ್ನು ಗುಡ್ಡದ ಇಳಿಜಾರಿನಲ್ಲಿ ಕೂರಿಸಿ ಹಾಲು, ಕಾಡುಹಣ್ಣು ಕೊಡುತ್ತಾರೆ. ಅವರ ಕೂಸು ಪಕ್ಕದಲ್ಲಿದೆ. ಈ ಹೊತ್ತನ್ನು ತುಂಬಿದ ಬಟ್ಟಲಿನಂತೆ ಜೋಪಾನವಾಗಿ ಒಯ್ಯುತ್ತೇನೆ ಎಂದುಕೊಳ್ಳುತ್ತಾನೆ ಅವನು. ಮುಂದೆ ಆ ಮೂವರ ಮೇಲೂ ಸಾವಿನ ಕಣ್ಣು ಬಿದ್ದಾಗ, ಮೇಲಂಗಿ ತಾಗಿತೆಂಬಂತೆ ಚದುರಂಗದ ಕಾಯಿಗಳನ್ನು ಉರುಳಿಸಿಬಿಡುತ್ತಾನೆ. ಸಾವು ಕಾಯಿ ಜೋಡಿಸುವಷ್ಟರಲ್ಲಿ ಅವರು ಗಾಡಿ ಹೂಡಿಕೊಂಡು ಪಾರಾಗುತ್ತಾರೆ.

ನಿಮ್ಮ ಮನೆಯಲ್ಲೂ ನಾಲ್ಕು ವರ್ಷದ ಕೂಸಿತ್ತು. ಜ್ವರ ಬಂದ ತಾಯಿ ಇದ್ದರು. ನೀವು ದೂರ ನಿಂತಿರಿ. ಆ ದಿನಗಳ ನಿಯಮ ಸತ್ತವರನ್ನು ಮುಟ್ಟುವುದನ್ನು, ಮೈ ತೊಳೆಯುವುದನ್ನು, ಅಪ್ಪಿಕೊಳ್ಳುವುದನ್ನು ತಡೆದಿತ್ತು. ನಿಮ್ಮಲ್ಲಿ ಸಂಸ್ಕಾರವೆಂದರೆ ಮುಟ್ಟುವುದೇ: ಸ್ನಾನ, ವಿಭೂತಿ, ಕಾಲು ಮಡಿಸಿ ಕೂಡಿಸುವುದು, ಕೈಗೆ ಲಿಂಗ ಕೊಡುವುದು. ನೀವು ಹತ್ತಿರ ಹೋಗಿದ್ದರೂ ಇದರಲ್ಲಿ ಒಂದನ್ನೂ ಮಾಡಲಾಗುತ್ತಿರಲಿಲ್ಲ. ಹೆಚ್ಚೆಂದರೆ ಒಂದು ಹಿಡಿ ಮಣ್ಣು ಹಾಕಿ ಬರುತ್ತಿದ್ದಿರಿ.

ಆ ಒಂದು ಹಿಡಿ ಮಣ್ಣೇ ನಿಮ್ಮನ್ನು ಕಾಡುತ್ತಿರುವುದು. ನಿಮಗೆ ಹೆದರಿಕೆ ಆಗಿರಲಿಲ್ಲ, ಮಗಳಿಗಾಗಿ ಮಾತ್ರ ನಿಂತಿರಿ ಎಂದು ನಾನು ಬರೆದರೆ ನೀವು ನಂಬುವುದಿಲ್ಲ. ಹೆದರಿಕೆ ಆಗಿತ್ತು. ಹೆದರಿಕೆಯೂ ಮಗಳ ಮೇಲಿನ ಜೀವವೂ ಅವತ್ತು ಒಂದೇ ಕಾಲಿನಲ್ಲಿ ನಿಂತಿದ್ದವು. ಯಾವುದು ಎಷ್ಟು ಎಂದು ತೂಗಲು ನಾಲ್ಕು ವರ್ಷದಿಂದ ಹೆಣಗುತ್ತಿದ್ದೀರಿ. ತೂಗಲು ಬರುವುದಿಲ್ಲ, ಬಿಟ್ಟುಬಿಡಿ. ಹೆದರಿದ್ದೆ ಎಂದು ಒಬ್ಬರ ಮುಂದೆ ಹೇಳಿಕೊಳ್ಳಬೇಕು, ಅಷ್ಟೇ. ನನಗೆ ಹೇಳಿದಿರಿ. ಹೆಂಡತಿಗೆ ಹೇಳಿದ್ದೀರಾ? ತಮ್ಮನಿಗೆ? ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಆ ಹುಡುಗನಿಗೆ ಜಾಲಿ ಗಿಡದಷ್ಟು ಹತ್ತಿರವೂ ಬರಲಾಗಲಿಲ್ಲವಲ್ಲ. ಅವನ ಎದೆಯಲ್ಲೂ ಇಂಥದೇ ಒಂದು ಪತ್ರ ಇರುತ್ತದೆ.

ಈಗ ಶಾಸ್ತ್ರ. ನಾನು ಮಠದವಳಲ್ಲ, ನಿಮ್ಮ ಗುರುಗಳ ಮಾತಿನ ಮುಂದೆ ನನ್ನ ಮಾತು ದೊಡ್ಡದಲ್ಲ. ಆದರೂ ನೀವು ಕನ್ನಡ ಮಾಸ್ತರರು, ವಚನ ಪಾಠ ಮಾಡುವವರು, ಆದ್ದರಿಂದ ಕೇಳುತ್ತೇನೆ. ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು, ಅದರಲ್ಲಿ ಪ್ರೇತಸೂತಕವೂ ಒಂದು. ಗತಿಯಿಲ್ಲದೆ ಅಲೆಯುವ ಪ್ರೇತವೆಂಬ ಕಲ್ಪನೆಯೇ ನಿಮ್ಮ ತಂದೆ ನಡೆದ ದಾರಿಯಲ್ಲಿಲ್ಲ. ದೀಕ್ಷೆಯಾದ ದಿನದಿಂದ ಅಂಗದ ಮೇಲೆ ಲಿಂಗ ಹೊತ್ತು, ಉಸಿರಿರುವಾಗಲೇ ಅದರಲ್ಲಿ ಬೆರೆಯುತ್ತ ಹೋಗುವುದು ಆ ದಾರಿ. ಅರವತ್ತನಾಲ್ಕು ವರ್ಷ ದಿನವೂ ಎಡಗೈಯಲ್ಲಿ ಲಿಂಗ ಹಿಡಿದು ಕೂತವರು ಅವರು. ಕೊನೆಯ ಅರ್ಧ ತಾಸು ಅದನ್ನು ಅಳಿಸುತ್ತದೆಯೇ? ಕಲ್ಯಾಣದ ಕ್ರಾಂತಿಯಲ್ಲಿ ಹರಳಯ್ಯ, ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಶರಣರ ಚರಿತ್ರೆ ಹೇಳುತ್ತದೆ. ಅವರಿಗೆ ಯಾರು ವಿಮಾನ ಕಟ್ಟಿದರು? ಯಾರು ಗವಿ ತೋಡಿದರು? ಆದರೂ ಅವರು ಲಿಂಗೈಕ್ಯರಲ್ಲ ಎಂದು ಯಾವ ಲಿಂಗಾಯತರ ಮನೆಯಲ್ಲಿಯೂ ಯಾರೂ ಅಂದದ್ದು ನಾನು ಕೇಳಿಲ್ಲ.

ನಿಮ್ಮ ಸೀಮೆಯ ನೆಲವನ್ನೇ ನೋಡಿ. ಗಂಗಾವತಿ ಬದಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ, ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಸತ್ತವರಿಗಾಗಿ ಕಲ್ಲುಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಮನೆಗಳಿವೆ. ಸುಮಾರು 400. ಕೆಲವಕ್ಕೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿರುತ್ತೀರಿ. ಆನೆಗೊಂದಿಯಲ್ಲಿ ತುಂಗಭದ್ರೆಯ ನಡುಗಡ್ಡೆಯ ಮೇಲೆ ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳಿವೆ, ವ್ಯಾಸರಾಯರದೂ ಅಲ್ಲೇ. ಕೊಪ್ಪಳದ ಗುಡ್ಡಗಳು ಜೈನರಿಗೆ ಕೊಪಣ ತೀರ್ಥ. ಅನ್ನ ನೀರು ಬಿಟ್ಟು ಸಾವನ್ನು ತಾವೇ ಎದುರುಗೊಂಡ ಮುನಿಗಳ ನಿಷಿಧಿಗಳ ಜಾಗ ಅದು. ನಿಮ್ಮ ಊರಿನ ಮುಸಲ್ಮಾನರ ಖಬರಸ್ತಾನದಲ್ಲಿ ಎಲ್ಲರನ್ನೂ ಮಲಗಿಸಿಯೇ ಮಣ್ಣು ಕೊಡುತ್ತಾರೆ. ಕೂಡಿಸಿದವರು, ಮಲಗಿಸಿದವರು, ಸುಟ್ಟವರು, ಕಲ್ಲಿನ ಮನೆ ಕಟ್ಟಿದವರು, ಎಲ್ಲರೂ ತಮ್ಮವರನ್ನು ಈ ಒಂದೇ ನೆಲಕ್ಕೆ ಒಪ್ಪಿಸಿದರು. ನಿಮ್ಮ ತಂದೆಯನ್ನು ಅದು ಒಲ್ಲೆ ಅಂದಿಲ್ಲ.

ಇಷ್ಟೆಲ್ಲ ಬರೆದೆ. ಆದರೆ ದಯವಿಟ್ಟು ಇದನ್ನು ಅವ್ವನ ಮುಂದೆ ವಾದವಾಗಿ ಇಡಬೇಡಿ. ಆಕೆಗೆ ಹರಳಯ್ಯನ ಉದಾಹರಣೆ ಬೇಕಾಗಿಲ್ಲ. ಆಕೆಗೆ ನೋಯುತ್ತಿರುವುದು ಗಂಡನ ನಡ. ಅದಕ್ಕೆ ಸಮಾಧಾನ ಬರುವುದು ಕೈಯಿಂದ ಏನಾದರೂ ಮಾಡಿದಾಗ.

ಜಗಲಿಯ ಮೇಲಿನ ಲಿಂಗದಿಂದ ಶುರುಮಾಡಿ. ಅದು ಇನ್ನೂ ಆಸ್ಪತ್ರೆಯ ಕವರಿನಲ್ಲೇ ಇದ್ದರೆ ಇವತ್ತೇ ತೆಗೆಯಿರಿ. ನೀವು ಮುಟ್ಟಬಹುದು, ನೀವು ಅವರ ಮಗ. ತೊಳೆದು, ವಿಭೂತಿ ಹಚ್ಚಿ, ಶುಭ್ರ ವಸ್ತ್ರದಲ್ಲಿ ಕಟ್ಟಿಡಿ. ಆಮೇಲೆ ನಿಮ್ಮ ಮಠದ ಗುರುಗಳ ಹತ್ತಿರ ಹೋಗಿ, ನಡೆದದ್ದನ್ನು ನಡೆದ ಹಾಗೇ ಹೇಳಿ, ಈ ಲಿಂಗವನ್ನು ಅಪ್ಪನ ಹತ್ತಿರ ಸೇರಿಸುವುದು ಹೇಗೆಂದು ಕೇಳಿ. ಕೊರೊನಾದ ಆ ಎರಡು ವರ್ಷಗಳಲ್ಲಿ ಇಂಥದೇ ಪ್ರಶ್ನೆ ಹೊತ್ತು ಹೋದ ಮನೆಗಳು ಒಂದೆರಡಲ್ಲ. ಅವರು ಸಮಾಧಿಯ ಹತ್ತಿರ ಬಂದು ಪೂಜೆ ಮಾಡಿಸಬಹುದು, ಸಣ್ಣದೊಂದು ಗದ್ದುಗೆ ಕಟ್ಟಿಸಿ ಎನ್ನಬಹುದು. ಏನೇ ಹೇಳಲಿ, ಅವ್ವನನ್ನು ಜೊತೆಗೆ ಕರೆದೊಯ್ದು ಆಕೆಯ ಕಿವಿಗೇ ಬೀಳುವಂತೆ ಹೇಳಿಸಿ. ಅದು ನಿಮ್ಮ ಬಾಯಿಂದ ಹೋಗಿ ಮುಟ್ಟುವುದು ಬೇಡ.

ಗದ್ದುಗೆ ಕಟ್ಟಿಸುವುದಾದರೆ ಒರಗಲು ಬರುವ ಹಾಗೆ ಕಟ್ಟಿಸಿ. ಅವ್ವ ಅಲ್ಲಿ ಹೋಗಿ ಕೂತಾಗ ಬೆನ್ನಿಗೆ ಆಸರೆ ಇರಲಿ. ಆಕೆ ಕೂಡುವುದಾದರೆ ಹಗಲು ಅಲ್ಲಿ ಕೂಡಲಿ, ರಾತ್ರಿ ಮನೆಯಲ್ಲಿ ಗೋಡೆಗೆ ಕೂಡುವುದು ಮೆಲ್ಲಗೆ ಬಿಟ್ಟುಹೋಗಬಹುದು. ಬಿಟ್ಟೇ ಹೋಗುತ್ತದೆ ಎಂದು ನಾನು ಮಾತು ಕೊಡಲಾರೆ. ಮೊದಮೊದಲು ಎರಡು ದಿಂಬು ಒಟ್ಟಿ ಅರ್ಧ ಒರಗಿಸಿ ನೋಡಿ, ಪಕ್ಕದಲ್ಲಿ ಮೊಮ್ಮಗಳನ್ನು ಮಲಗಿಸಿ. ಆ ಕೂಸು ಈಗ ಎಂಟು ವರ್ಷದವಳಾಗಿರಬೇಕು. ಅಜ್ಜನ ವಿಷಯ ಅವಳ ಎದುರು ನೀವ್ಯಾರೂ ಮಾತಾಡುತ್ತಿಲ್ಲ ಅಂತ ನನಗನಿಸುತ್ತದೆ, ಪತ್ರದಲ್ಲಿ ಅವಳ ಸುದ್ದಿಯೇ ಮುಂದೆ ಬರಲಿಲ್ಲ. ಅಜ್ಜ ಹೊಲದಿಂದ ಬಂದು ಸಜ್ಜೆ ರೊಟ್ಟಿಗೆ ಏನು ಹಚ್ಚಿಕೊಂಡು ತಿನ್ನುತ್ತಿದ್ದರು, ಯಾವ ಭಜನೆಗೆ ದನಿ ಎತ್ತುತ್ತಿದ್ದರು, ಎತ್ತಿಗೆ ಏನೆಂದು ಹೆಸರಿಟ್ಟು ಕರೆಯುತ್ತಿದ್ದರು, ಅವ್ವನೇ ಅವಳಿಗೆ ಹೇಳಲಿ. ನಾಲ್ಕು ವರ್ಷದಿಂದ ನಿಮ್ಮ ಮನೆಯಲ್ಲಿ ಅಪ್ಪನ ಕೊನೆಯ ಒಂದು ತಾಸಿನ ಮಾತೇ ಆಗುತ್ತಿದೆ. ಎಪ್ಪತ್ತೊಂದು ವರ್ಷದ ಮಾತು ಬಾಕಿ ಇದೆ.

ನಿಮ್ಮ ಲಿಂಗಪೂಜೆಯ ಬಗ್ಗೆ ಹೆಚ್ಚು ಹೇಳಲಾರೆ. ಬಿಟ್ಟದ್ದು ಪಾಪವೆಂದೂ ಅನ್ನುವುದಿಲ್ಲ, ನಾಳೆಯಿಂದ ಹಿಡಿಯಿರಿ ಎಂದೂ ಅನ್ನುವುದಿಲ್ಲ. ಮಾರುತಿ ಹೂ ಕೊಡದಿದ್ದ ಮೇಲೆ ಪ್ರಾಣೇಶಾಚಾರ್ಯರು ಎದ್ದು ನಡೆದುಬಂದರು. ದಾರಿ ತಪ್ಪಿದರು, ಜಾತ್ರೆಯಲ್ಲಿ ಅಲೆದರು. ಚಿತ್ರ ಮುಗಿಯುವಾಗ ಅವರು ಊರಿನ ಕಡೆ ಮುಖ ಮಾಡಿದ್ದಾರೆ. ಅಲ್ಲಿ ಹೋಗಿ ಏನು ಹೇಳುತ್ತಾರೆ, ಜನ ಏನು ಮಾಡುತ್ತಾರೆ, ತೋರಿಸುವುದಿಲ್ಲ. ಪೂರ್ತಿ ನೋಡಲಾಗಲಿಲ್ಲ ಎಂದು ಬರೆದಿದ್ದೀರಿ. ಮುಂದೆ ಎಂದಾದರೂ ಮನಸ್ಸು ತಡೆದುಕೊಂಡಾಗ ಉಳಿದದ್ದನ್ನು ನೋಡಿ. ಫೋನಿನಲ್ಲಿ ರಾತ್ರಿ ಒಬ್ಬರೇ ಬೇಡ, ಯಾರಾದರೂ ಜೊತೆಗಿರಲಿ.

ಕೊನೆಗೆ ಆ ನಾಲ್ಕು ಜನ. ಅವರು ಯಾರು ಮಾಸ್ತರರೇ? ಪೌರಕಾರ್ಮಿಕರೋ, ತಾವಾಗಿ ಮುಂದೆ ಬಂದ ಹುಡುಗರೋ? ಯಾವ ಓಣಿಯವರು, ಯಾವ ಜಾತಿಯವರು, ಯಾವ ದೇವರಿಗೆ ಕೈಮುಗಿಯುವವರು? ನಿಮ್ಮ ಪತ್ರದಲ್ಲಿ ಅವರಿಗೆ ಮುಖವಿಲ್ಲ, ಬರೀ ಕಿಟ್ ಇದೆ. ಆ ಮೇ ತಿಂಗಳಲ್ಲಿ ರಾಜ್ಯದ ತುಂಬ ಇಂಥವರೇ ಹೆಣ ಎತ್ತಿದರು. ಹಲವು ಊರುಗಳಲ್ಲಿ ಮುಸಲ್ಮಾನ ಹುಡುಗರು ಹಿಂದೂಗಳ ಚಿತೆಗೆ ಕಟ್ಟಿಗೆ ಒಟ್ಟಿದರು. ಅಹಮದ್ ಬ್ಯಾರಿ ಕಾದಂಬರಿಯಲ್ಲಿ ಮಾತ್ರ ಇರುವವನಲ್ಲ. ಅವರಿಗೂ ಮನೆಯಲ್ಲಿ ಮಕ್ಕಳಿದ್ದರು, ಜ್ವರ ಬಂದ ತಾಯಂದಿರಿದ್ದರು. ಆ ಬಿಸಿಲಿನಲ್ಲಿ, ಉಸಿರು ಕಟ್ಟುವ ಆ ಅಂಗಿಯೊಳಗೆ, ದಿನಕ್ಕೆ ಎಷ್ಟೋ ಮಂದಿಯನ್ನು ಮಣ್ಣಿಗೆ ಇಳಿಸುತ್ತಿದ್ದವನೊಬ್ಬ ಕೆಲಸ ನಿಲ್ಲಿಸಿ, ಈ ಮನುಷ್ಯನಿಗೆ ಮಗನಿದ್ದಾನೆ, ಅವನು ಒಂದು ಹಿಡಿ ಮಣ್ಣು ಹಾಕಲಿ ಎಂದು ನೆನೆದು ಕೈ ಮಾಡಿದ. ನಿಮ್ಮಪ್ಪ ಗವಿಗೆ ಇಳಿದು ಊರವರಿಗೆ ಮಾಡುತ್ತಿದ್ದ ಕೆಲಸವನ್ನು ಅವತ್ತು ಅವರಿಗೆ ಮಾಡಿದವನು ಅವನು. ನೀವು ಆ ಕೈಯನ್ನು ನಿಮ್ಮ ತಪ್ಪು ತೋರಿಸಿದ ಬೆರಳು ಅಂದುಕೊಂಡಿದ್ದೀರಿ. ಅದು ಕರೆದ ಕೈ.

ಅವನನ್ನು ಹುಡುಕಿ. ಪಟ್ಟಣದ ಸ್ಥಳೀಯ ಆಡಳಿತದ ಕಚೇರಿಯಲ್ಲಿ ಹಳೆಯ ಕೆಲಸಗಾರರನ್ನು ಕೇಳಿ, ಆ್ಯಂಬುಲೆನ್ಸ್ ನಡೆಸುತ್ತಿದ್ದವರನ್ನು ಕೇಳಿ. ನಾಲ್ವರಲ್ಲಿ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಯಾರು ಕೈ ಮಾಡಿದ್ದು ಎಂದು ಅವರಿಗೆ ನೆನಪಿರಲಿಕ್ಕಿಲ್ಲ, ನೆನಪಿರಬೇಕಾಗಿಯೂ ಇಲ್ಲ. ಸಮಾಧಿಯ ಪೂಜೆಯ ದಿನ ಅವರನ್ನು ಮನೆಗೆ ಕರೆಯಿರಿ. ನೆಂಟರ ಸಾಲಿನಲ್ಲಿ ಕೂಡಿಸಿ, ಅವ್ವನ ಕೈಯಿಂದಲೇ ಬಡಿಸಿಸಿ. ಅಪ್ಪನನ್ನು ಹೇಗೆ ಇಳಿಸಿದರು, ತಲೆ ಯಾವ ಕಡೆ ಇತ್ತು, ಯಾರು ಕಾಲು ಹಿಡಿದಿದ್ದರು, ನಿಧಾನಕ್ಕೆ ಇಳಿಸಿದರೋ ಹೇಗೆ, ಅವ್ವ ಕೇಳಲಿ. ನಾಲ್ಕು ವರ್ಷದಿಂದ ಆಕೆಗೆ ಕೇಳಬೇಕಾಗಿರುವುದು ಇದನ್ನೇ, ಕೇಳಲು ಎದುರಿಗೆ ಜನವಿರಲಿಲ್ಲ. ನಿಮ್ಮನ್ನು ಕೇಳಿದರೆ ನಿಮಗೆ ಗೊತ್ತಿಲ್ಲ, ನೀವು ಐವತ್ತು ಹೆಜ್ಜೆ ದೂರವಿದ್ದಿರಿ.

ಬಿಸಿಲು ಏರುವ ಮುಂಚೆ ಸಮಾಧಿಗೆ ಹೋಗಿಬನ್ನಿ. ಗುರುಗಳು ಲಿಂಗದ ಬಗ್ಗೆ ಏನು ಹೇಳಿದರೆಂದು ನನಗೆ ಬರೆಯಿರಿ. ಆ ನಾಲ್ವರಲ್ಲಿ ಯಾರಾದರೂ ಸಿಕ್ಕರೆ ಅವರ ಹೆಸರನ್ನೂ ಬರೆಯಿರಿ, ನಾನು ಅಂಕಣದಲ್ಲಿ ಹಾಕುವುದಿಲ್ಲ. ನನಗೆ ತಿಳಿದಿರಲಿ ಅಂತ.